ತಲೆಕೆಳಗಾಗಿ ಕಂಡ ನೀರು

ಎರಡನೆಯ ಮಹಾಯುದ್ಧ ಮುಗಿದ ಮಾರನೆಯ ವರ್ಷದ ಮಳೆಗಾಲದಲ್ಲಿ ನಮ್ಮಕ್ಕ ಸೂಲಿಬೆಲೆಯ ಗಂಡನ ಮನೆಯಿಂದ ಒಂದು ಬಟ್ಟೆಗಂಟು ಹಿಡಿದುಕೊಂಡು ಒಬ್ಬಳೇ ದೊಡ್ಡಬಳ್ಳಾಪುರಕ್ಕೆ ಬಂದಳು. ಯಾಕೆ ಬಂದೆ ಎಂದು ಅಮ್ಮ ಕೇಳಲಿಲ್ಲ. ಕಾಲು ತೊಳೆಯಲು ನೀರು ಕೊಟ್ಟು, ಒಲೆಯ ಮೇಲಿದ್ದ ಎಸರಿಗೆ ಇನ್ನೊಂದು ಹಿಡಿ ಅಕ್ಕಿ ಸೇರಿಸಿದಳು.

ನಮ್ಮದು ನೇಯ್ಗೆಯವರ ಮನೆ. ಅಪ್ಪ ತೀರಿಕೊಂಡ ಮೇಲೆ ಚಿಕ್ಕಪ್ಪ ಮಗ್ಗದಲ್ಲಿ ಕೂರುತ್ತಿದ್ದರು, ಅಮ್ಮ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ನನಗೆ ಮಗ್ಗ ಹಿಡಿಸಲಿಲ್ಲ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಒಂದು ಫೋಟೋ ಸ್ಟುಡಿಯೋಗೆ ಕೆಲಸಕ್ಕೆ ಸೇರಿ, ಭಾನುವಾರಗಳಲ್ಲಿ ರೈಲು ಹತ್ತಿ ಮನೆಗೆ ಬರುತ್ತಿದ್ದೆ.

ಅಂಥ ಒಂದು ಭಾನುವಾರ ಊಟಕ್ಕೆ ಕೂತಾಗ ಅಕ್ಕ ಇದ್ದಕ್ಕಿದ್ದಂತೆ ಹೇಳಿದಳು: "ಮಾಕಳಿ ಬೆಟ್ಟದ ಹಿಂದೆ ಒಂದು ಕಡೆ ನೀರು ಮೇಲಿಂದ ಬೀಳುತ್ತೆ. ನಾನು ಚಿಕ್ಕೋಳಿದ್ದಾಗ ಅಪ್ಪ ಕರ್ಕೊಂಡು ಹೋಗಿದ್ರು. ಅದನ್ನ ಇನ್ನೊಂದ್ಸಲ ನೋಡ್ಬೇಕು."

ಅಮ್ಮ ತಲೆಯೆತ್ತದೆ, "ನಿಮ್ಮಪ್ಪ ನಿನ್ನ ಯಾವತ್ತೂ ಅಲ್ಲಿಗೆ ಕರ್ಕೊಂಡು ಹೋಗಿಲ್ಲ" ಎಂದಳು.

"ಹೋಗಿದ್ರು ಕಣಮ್ಮ. ಇವನೂ ಇದ್ದ, ಆಗಿನ್ನೂ ಪುಟ್ಟ ಮಗು."

ನಾನು ಒಮ್ಮೆ ಅವಳ ಮುಖ, ಒಮ್ಮೆ ಇವಳ ಮುಖ ನೋಡಿದೆ. ನನಗೆ ಅಂಥದ್ದೇನೂ ನೆನಪಿರಲಿಲ್ಲ. ನಮ್ಮ ಕಡೆ ನೀರೆಂದರೆ ಕೆರೆ, ಇಲ್ಲವೆ ಬಾವಿ. ಮಾಕಳಿ ಬೆಟ್ಟದ ಸಾಲಂತೂ ಬೋಳುಬಂಡೆ. ಅಲ್ಲಿ ನೀರು ಬೀಳುವುದೆಂದರೆ ನಂಬುವುದು ಹೇಗೆ? ಆದರೆ ಅಕ್ಕ ಹಾಗೆ ಸುಳ್ಳು ಹೇಳುವವಳಲ್ಲ. ಅಮ್ಮನೂ ಅಲ್ಲ.

ಸ್ಟುಡಿಯೋದ ಯಜಮಾನರಿಗೆ ಈ ಮಾತು ಹೇಳಿದಾಗ ಅವರಿಗೆ ಬೇರೆಯೇ ಆಸೆ ಹುಟ್ಟಿತು. ಜನ ಮುಂದೆ ಕೂತು ಫೋಟೋ ತೆಗೆಸಿಕೊಳ್ಳುವ, ಚಿತ್ರ ಬರೆದ ಪರದೆ ಹಳೆಯದಾಗಿತ್ತು. "ನೀರು ಸಿಕ್ಕಿದ್ರೆ ಒಂದು ಫೋಟೋ ತಗೊಂಡ್ಬಾರಪ್ಪ, ಅದನ್ನ ನೋಡ್ಕೊಂಡು ಹೊಸ ಪರದೆ ಬರೆಸೋಣ" ಎಂದು ತಮ್ಮ ಹಳೆಯ ಮರದ ಕ್ಯಾಮರಾ, ಅದರ ಮುಕ್ಕಾಲಿ, ಕಪ್ಪು ಬಟ್ಟೆ, ಗಾಜಿನ ಪ್ಲೇಟು ಎಲ್ಲ ಕೊಟ್ಟು ಕಳಿಸಿದರು.

ಮುಂದಿನ ಭಾನುವಾರ ಅಕ್ಕ ತಮ್ಮ ಇಬ್ಬರೂ ಬೆಳಗಿನ ರೈಲಿನಲ್ಲಿ ಹೋಗಿ ಮಾಕಳಿಯಲ್ಲಿ ಇಳಿದೆವು. ನಾನು ಕ್ಯಾಮರಾ ಪೆಟ್ಟಿಗೆ ಹೊತ್ತೆ, ಅಕ್ಕ ಮುಕ್ಕಾಲಿ ಹೆಗಲಿಗೇರಿಸಿದಳು. ಮೇಕೆ ಮೇಯಿಸುತ್ತಿದ್ದ ಒಬ್ಬ ಅಜ್ಜಿಯನ್ನು ಕೇಳಿದೆವು.

"ನೀರಾ? ಆ ಬಂಡೆಗಳಲ್ಲಿ ಮೇಕೆ ಕುಡಿಯಾಕೂ ಸಿಗಾಕಿಲ್ಲ" ಎಂದಳು ಆಕೆ.

ಸ್ವಲ್ಪ ಮುಂದೆ ಸೌದೆಹೊರೆ ಹೊತ್ತು ಬರುತ್ತಿದ್ದವನೊಬ್ಬ, "ಐತೆ, ಬಲಗಡೆ ಕೊರಕಲಾಗೆ ಹೋಗಿ" ಎಂದ. ಅವನ ಹಿಂದೆಯೇ ಬರುತ್ತಿದ್ದವನು, "ಲೇ, ಬಲಗಡೆ ಏನೈತ್ಲಾ? ಎಡಗಡೆ ಅಲ್ವಾ?" ಎಂದ. ಅವರಿಬ್ಬರೂ ಅಲ್ಲೇ ವಾದಕ್ಕೆ ನಿಂತರು. ನಾವು ಬಲಕ್ಕೇ ಹೋದೆವು.

ಆ ಕೊರಕಲಿನ ಒಳಗೆ ಹೊಕ್ಕ ಮೇಲೆ ಊರು, ಹೊಲ ಏನೂ ಕಾಣಲಿಲ್ಲ. ಎರಡೂ ಕಡೆ ಕೆಂಗಂದು ಬಂಡೆಗಳ ಗೋಡೆ, ಕಾಲಡಿಯಲ್ಲಿ ಒಣ ಮರಳು, ಸಂದುಗಳಲ್ಲಿ ಪಾಪಸುಕಳ್ಳಿ. ಮಳೆಗಾಲವಾದರೂ ಅಂದು ಬಿಸಿಲು ಬಂಡೆ ಕಾಯಿಸಿತ್ತು. ದೂರದಲ್ಲೆಲ್ಲೋ ನೀರು ಸುರಿದಂಥ ಸದ್ದು ಕೇಳುತ್ತಿತ್ತು. ಅದನ್ನೇ ಹಿಡಿದು ಹೋದರೆ ಸದ್ದು ಬೆನ್ನ ಹಿಂದೆ ಕೇಳುತ್ತಿತ್ತು. ಹಿಂದೆ ತಿರುಗಿದರೆ ತಲೆಯ ಮೇಲೆ. ಕೊರಕಲು ಕವಲೊಡೆದಲ್ಲೆಲ್ಲ ಒಂದು ಹಿಡಿದು ಹೋಗಿ, ಅದು ಮುಗಿದರೆ ಹಿಂದಿರುಗಿ ಇನ್ನೊಂದು ಹಿಡಿದೆವು. ಕೊನೆಗೆ ನೋಡಿದರೆ, ಮೊದಲು ದಾಟಿದ್ದ, ನಡುವೆ ಸೀಳಿದ್ದ ಅದೇ ಗುಂಡುಬಂಡೆಯ ಹತ್ತಿರ ಮತ್ತೆ ಬಂದು ನಿಂತಿದ್ದೆವು.

ಅಕ್ಕ ಮುಕ್ಕಾಲಿ ಇಳಿಸಿ ಮರಳಿನ ಮೇಲೆ ಕೂತುಬಿಟ್ಟಳು. "ನಾನೇ ಕನಸು ಗಿನಸು ಕಂಡಿದ್ನೇನೋ ಕಣೋ."

ಆಗ ನಾನು, ಇಷ್ಟು ದಿನ ಮನೆಯಲ್ಲಿ ಕೇಳಲಾರದ್ದನ್ನು ಕೇಳಿದೆ: "ಭಾವ ಏನಾದ್ರೂ ಅಂದ್ರಾ ಅಕ್ಕ?"

"ನೀರು ಹುಡ್ಕೋಕೆ ಬಂದಿದೀಯ, ನೀರು ಹುಡ್ಕು" ಎಂದು ಎದ್ದಳು.

ಹೊರಟ ದಾರಿಯಲ್ಲಿ ಸ್ವಲ್ಪ ದೂರಕ್ಕೆ ಮರಳು ತೇವವಾಯಿತು, ಕಾಲು ಹೂಳತೊಡಗಿತು. ಒಂದು ತಿರುವು ದಾಟಿದ್ದೇ, ಎದುರಿಗೇ ನೀರು. ಎರಡು ತೆಂಗಿನಮರದೆತ್ತರದ ಬಂಡೆಯ ಮೇಲಿಂದ ಸಣ್ಣಗೆ, ಬಿಡದೆ ಇಳಿದು ಕಲ್ಲಿನ ಗುಂಡಿಗೆ ಬೀಳುತ್ತಿತ್ತು. ಸುತ್ತ ಅಷ್ಟು ಒಣಗಿದ ಜಾಗದಲ್ಲಿ ಅದು ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ನಾನು ಬಾಯಿಬಿಟ್ಟುಕೊಂಡು ನಿಂತೆ.

ಅಕ್ಕ ಮೇಲಿಂದ ಕೆಳಗಿನವರೆಗೆ ನೋಡಿ, "ಇದಲ್ಲ" ಎಂದಳು.

"ಹಂಗಂದ್ರೆ?"

"ನಾನು ನೋಡಿದ್ದು ಇದಲ್ಲ. ಹಿಂಗಿರ್ಲಿಲ್ಲ."

ಈ ಬೆಟ್ಟದಲ್ಲಿ ಒಂದು ನೀರು ಸಿಕ್ಕಿದ್ದೇ ಹೆಚ್ಚು, ಇನ್ನೊಂದನ್ನು ಎಲ್ಲಿ ಹುಡುಕಲಿ? ಬಂದ ಕೆಲಸವಾದರೂ ಆಗಲಿ ಎಂದು ಮುಕ್ಕಾಲಿ ನಿಲ್ಲಿಸಿ, ಕ್ಯಾಮರಾ ಕೂರಿಸಿ, ಕಪ್ಪು ಬಟ್ಟೆಯೊಳಗೆ ತಲೆ ಹಾಕಿ, ಹಿಂಬದಿಯ ಗಾಜಿನ ಮೇಲೆ ಚಿತ್ರ ಮೂಡುವಂತೆ ಹದ ಮಾಡಿಕೊಂಡೆ. ನಾನು ಹೊರಗೆ ಬಂದಾಗ ಅಕ್ಕ, "ನಾನೂ ನೋಡ್ತೀನಿ" ಎಂದಳು. ಬಟ್ಟೆ ಅವಳ ತಲೆಯ ಮೇಲೆ ಹೊದಿಸಿದೆ. 

"ನೀರು ಮೇಲಕ್ಕೆ ಹೋಗ್ತಿದೆ" ಎಂದಳು ಒಳಗಿನಿಂದಲೇ.

"ಗಾಜಿನ ಮೇಲೆ ಎಲ್ಲಾ ತಲೆಕೆಳಗೇ ಕಾಣೋದು ಅಕ್ಕ."

"ಇದೇ ಕಣೋ. ನಾನು ನೋಡಿದ್ದು ಹಿಂಗೇ." ಬಟ್ಟೆ ಸರಿಸಿ ಹೊರಬಂದವಳ ಮುಖ ಬೆವೆತಿತ್ತು. "ಅಪ್ಪ ನನ್ನ ಹೆಗಲ ಮೇಲೆ ಬೋರಲು ಹಾಕ್ಕೊಂಡಿದ್ರು. ನನ್ನ ತಲೆ ಅವರ ಬೆನ್ನ ಮೇಲೆ ತೂಗಾಡ್ತಿತ್ತು. ಈಗ ಗೊತ್ತಾಯ್ತು."

ನಾನು ಪ್ಲೇಟು ಹಾಕಿ ಫೋಟೋ ತೆಗೆದೆ.

ಮುಂದಿನ ವಾರ ಅದರ ಒಂದು ಪ್ರತಿ ಮನೆಗೆ ತಂದೆ. ಅಮ್ಮ ಅದನ್ನು ಬಾಗಿಲ ಬೆಳಕಿಗೆ ಹಿಡಿದಳು. "ಇದ್ರಲ್ಲಿ ನೀರೆಲ್ಲಿದೆ? ಯಾರೋ ಬಿಳೀ ಸೀರೆ ಒಣಗಾಕಿದಂಗಿದೆ."

ನೀರು ಓಡುತ್ತಲೇ ಇರುವುದರಿಂದ ಹಾಗೆ ಬರುತ್ತದೆಂದು ನಾನು ವಿವರಿಸುತ್ತಿರುವಾಗಲೇ ಅವಳ ಬೆರಳು ಗುಂಡಿಯ ಪಕ್ಕದ ಚಪ್ಪಟೆ ಬಂಡೆಯ ಮೇಲೆ ನಿಂತಿತು.

"ಇಲ್ಲಿ ಕೂತಿದ್ದೆ ನಾನು" ಎಂದಳು.

ಅಕ್ಕ ಒಳಗಿನಿಂದ ಬಂದು ನಿಂತಳು. ಅಮ್ಮ ಫೋಟೋದಿಂದ ಕಣ್ಣು ಕೀಳದೆ ಹೇಳಿದಳು: "ನಿಮ್ಮಪ್ಪ ಕರ್ಕೊಂಡು ಹೋಗಿರ್ಲಿಲ್ಲ. ನಾನೇ ನಿಮ್ಮಿಬ್ಬರನ್ನೂ ಕರ್ಕೊಂಡು ಮನೆ ಬಿಟ್ಟು ಹೊರಟಿದ್ದೆ. ಬೆಟ್ಟದ ಆಚೆ ನಮ್ಮಮ್ಮನ ಊರಿಗೆ. ರಸ್ತೇಲಿ ಹೋದ್ರೆ ಯಾರಾದ್ರೂ ನೋಡ್ತಾರೆ ಅಂತ ಬೆಟ್ಟಕ್ಕೆ ಬಿದ್ದೆ. ದಾರಿ ತಪ್ತು. ನೀರು ಕಂಡು ಅಲ್ಲೇ ಕೂತೆ. ಹೊತ್ತು ಇಳಿಯೋ ಹೊತ್ತಿಗೆ ನಿಮ್ಮಪ್ಪ ಹುಡುಕ್ಕೊಂಡು ಬಂದ್ರು. ಮಗೂನ ಹೆಗಲಿಗೆ ಹಾಕ್ಕೊಂಡು ನಡೆದ್ಬಿಟ್ರು. ನಾನು ಹಿಂದೆ ಬಂದೆ."

"ಯಾವ ಮಗೂನ?" ಎಂದಳು ಅಕ್ಕ.

"ಇವನ್ನ. ನೀನು ನನ್ನ ಕೈ ಹಿಡ್ಕೊಂಡು ನಡ್ದೆ."

"ಇಲ್ಲಮ್ಮ, ನನ್ನ ಹೊತ್ಕೊಂಡಿದ್ರು."

"ಇವನಿಗಿನ್ನೂ ನಡೆಯೋಕೇ ಬರ್ತಿರ್ಲಿಲ್ಲ ಕಣೇ. ನಿನ್ನ ಹೊತ್ಕೊಂಡಿದ್ರೆ ಇವನು ಹೆಂಗೆ ಬಂದ?"

ಅಕ್ಕ ಒಪ್ಪಲಿಲ್ಲ. ಅಪ್ಪನ ಬೆವರಿನ ವಾಸನೆ, ಅವರ ಅಂಗಿಯ ಬೆನ್ನಿಗೆ ಹಾಕಿದ್ದ ತೇಪೆ ಎಲ್ಲ ಹೇಳಿದಳು. ಅಮ್ಮ ತೇಪೆ ಇದ್ದದ್ದು ಹೌದೆಂದಳು, ಉಳಿದದ್ದು ಅಲ್ಲವೆಂದಳು. ಆ ದಿನ ಯಾಕೆ ಮನೆ ಬಿಟ್ಟೆ ಎಂದು ನಾನು ಕೇಳಿದೆ.

"ಆವಾಗ ಗೊತ್ತಿತ್ತು" ಎಂದಳು ಅಮ್ಮ. ಮರೆತಿದ್ದಳೋ, ಹೇಳಲು ಮನಸ್ಸಿರಲಿಲ್ಲವೋ, ಮುಖ ನೋಡಿ ಹೇಳುವಂತಿರಲಿಲ್ಲ.

ಗೌರಿಹಬ್ಬ ಕಳೆದ ಮೇಲೆ ಭಾವ ಬಂದರು. ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದು, ಹೊರಡೋಣವೇ ಎಂದು ಅಕ್ಕನನ್ನು ಕೇಳಿದರು. "ನೀವು ನಡೀರಿ, ನಾನೇ ಬರ್ತೀನಿ" ಎಂದಳು. ಅವರು ಪೆಚ್ಚಾಗಿ ಎದ್ದು ಹೋದರು. ಕೆಲವು ದಿನ ಬಿಟ್ಟು ಅವಳು ಬಂದಂತೆಯೇ ಗಂಟು ಹಿಡಿದು ಒಬ್ಬಳೇ ಸೂಲಿಬೆಲೆಗೆ ಹೋದಳು, ಅಲ್ಲೇ ಬಾಳಿದಳು. ಅಮ್ಮ ಬೆಟ್ಟದ ಸಂಗತಿ ಹೇಳಿದ್ದು ಕೇಳಿ ಹೋದಳೋ, ಕೇಳದಿದ್ದರೂ ಹೋಗುತ್ತಿದ್ದಳೋ, ನನಗೆ ತಿಳಿಯಲಿಲ್ಲ. ಅವಳು ಬಂದದ್ದೇ ಯಾಕೆಂದು ತಿಳಿಯದವನಿಗೆ ಹೋದದ್ದು ಯಾಕೆಂದು ಹೇಗೆ ತಿಳಿದೀತು?

ಸ್ಟುಡಿಯೋ ಯಜಮಾನರ ಪರದೆ ಬರೆಯುವವನು ನನ್ನ ಫೋಟೋ ನೋಡಿಕೊಂಡು, ಆ ಒಣಬಂಡೆಗಳ ಸುತ್ತ ಹಸಿರು ಬಳ್ಳಿ ಹಬ್ಬಿಸಿ, ಗುಂಡಿಯಲ್ಲಿ ಎರಡು ಹಂಸ ಬಿಟ್ಟ. ಮದುವೆಯಾದ ಜೋಡಿಗಳು ಅದರ ಮುಂದೆ ಕೂತು ಫೋಟೋ ತೆಗೆಸಿಕೊಂಡರು.

ಅಮ್ಮ ಇರುವವರೆಗೂ ಅಕ್ಕ ತವರಿಗೆ ಬಂದಾಗಲೆಲ್ಲ, ಅಪ್ಪ ಹೊತ್ತದ್ದು ಯಾರನ್ನು ಎಂಬ ವಾದ ಏಳುತ್ತಿತ್ತು. ಇಬ್ಬರೂ ಸಾಕ್ಷಿಗೆ ನನ್ನ ಕಡೆ ತಿರುಗುತ್ತಿದ್ದರು. ನನಗೆ ಯಾರು ಮಾತಾಡುತ್ತಿದ್ದರೋ ಆ ಹೊತ್ತಿಗೆ ಅವರದೇ ಸರಿ ಎನ್ನಿಸುತ್ತಿತ್ತು.