ಕೆಟ್ಟ ಸುದ್ದಿ ಬರೀಬ್ಯಾಡ

ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಊರು ಬಿಟ್ಟು ರಂಗೂನಿಗೆ ಹೋದಾಗ ಅದನ್ನೂ ಕಟ್ಟಿಕೊಂಡೇ ಹೋಗಿದ್ದೆ. ಅಲ್ಲಿನ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನೌಕರಿ ಸಿಕ್ಕಿತ್ತು. ಧಾರವಾಡದ ಮಾಳಮಡ್ಡಿಯಲ್ಲಿ ಹುಟ್ಟಿ ಬೆಳೆದವನು. ಸಮುದ್ರ ನೋಡಿದ್ದೇ ಆಗ. ಆ ಹೊಸ ಊರಿನಲ್ಲಿ ನನಗೆ ಜೀವ ಹಿಡಿದುಕೊಳ್ಳಲು ಇದ್ದದ್ದು ಒಬ್ಬ ಗೆಳೆಯನ ಪತ್ರಗಳು. ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಅವನು ಹುಬ್ಬಳ್ಳಿಯ ಅರಳೆ ವ್ಯಾಪಾರಿಗಳ ಮನೆಯವನು, ಓದು ಮುಗಿದದ್ದೇ ತಡ, ಅಪ್ಪನ ಅಂಗಡಿಯಲ್ಲಿ ಕೂತ.

ಮೊದಲ ವರ್ಷ ಅವನದೊಂದು ಪತ್ರ ಬಂತು. ಹೆಂಡತಿಗೆ ವಿಷಮಜ್ವರ ಬಂದಿದೆ, ಹೆದರಿಕೆಯಾಗಿದೆ ಎಂದು ಬರೆದಿದ್ದ. ಅವನ ಹೆಂಡತಿಯನ್ನು ನಾನು ವೈನಿ ಎಂದು ಕರೆಯುತ್ತಿದ್ದೆ. ಹುಬ್ಬಳ್ಳಿಗೆ ಹೋದಾಗಲೆಲ್ಲ ಬಿಸಿ ಬಿಸಿ ರೊಟ್ಟಿ ಬಡಿದು ಹಾಕಿ, "ಇನ್ನೊಂದರ ತಿನ್ರಿ. ಧಾರವಾಡದವರು ಬರೇ ಮಾತಿನಾಗ ಹೊಟ್ಟಿ ತುಂಬಿಸ್ಕೋತೀರಿ" ಎಂದು ಕಾಡುತ್ತಿದ್ದ ಹೆಣ್ಣುಮಗಳು. ಪತ್ರ ಓದಿದಾಗಿನಿಂದ ನನಗೆ ಊಟ ಸೇರಲಿಲ್ಲ. ಪಾಠ ಮಾಡುವಾಗ ಹುಡುಗರ ಮೇಲೆ ಸುಮ್ಮಸುಮ್ಮನೆ ಹರಿಹಾಯ್ದೆ. ಮುಂದಿನ ಪತ್ರ ಬಂದಾಗ ನೋಡಿದರೆ, ನಾನು ಇಲ್ಲಿ ಒದ್ದಾಡುತ್ತಿದ್ದ ದಿನಗಳಲ್ಲೇ ವೈನಿ ಅಲ್ಲಿ ಎದ್ದು ಓಡಾಡಿಕೊಂಡು ಶಾವಿಗೆ ಹೊಸೆಯುತ್ತಿದ್ದರಂತೆ!

ಸಂತೋಷಪಡಬೇಕೋ ಬೇಡವೋ? ನನಗೆ ಬಂದದ್ದು ಸಿಟ್ಟು. ಕೂತವನೇ ಬರೆದೆ: "ಇನ್ನ ಮುಂದ ನನಗ ಕೆಟ್ಟ ಸುದ್ದಿ ಬರೀಬ್ಯಾಡ. ಇಷ್ಟು ದೂರ ಕೂತು ನಾ ಏನ್ ಮಾಡಲಿ? ಛಲೋ ಸುದ್ದಿ ಇದ್ರ ಬರಿ, ಇಲ್ಲಾಂದ್ರ ಸುಮ್ಮನಿರು."

ಅವನು ನನ್ನ ಮಾತು ಕೇಳಿದ. ಆಮೇಲಿನ ಪತ್ರಗಳಲ್ಲಿ ಒಳ್ಳೆಯದೇ ಒಳ್ಳೆಯದು. ಅರಳೆಗೆ ದರ ಬಂತು, ಮಗಳು ಸಾಲಿಗೆ ಹೋಗಲು ಶುರುಮಾಡಿದಳು, ಓಣಿಯಲ್ಲಿ ಹೊಸ ನಳ ಹಾಕಿದರು. ನಾನು ನೆಮ್ಮದಿಯಿಂದ ಓದಿ, ಉತ್ತರದ ತುಂಬ ನನ್ನದೇ ಪ್ರತಾಪ ಬರೆಯುತ್ತಿದ್ದೆ. ಜೊತೆಯ ಮಾಸ್ತರರಿಗೂ ಈ ಉಪಾಯ ಹೇಳಿಕೊಟ್ಟೆ. ಏನು ಜಾಣತನ ನೋಡಿ ನನ್ನದು!

ಕೆಲವು ವರ್ಷಗಳ ನಂತರ ರಜೆ ಸಿಕ್ಕಿ ಊರಿಗೆ ಬಂದೆ. ದಸರೆ ಹತ್ತಿರವಿತ್ತು. ನಮ್ಮ ಕಡೆ ದಸರೆಯ ಸಂಜೆ ಬನ್ನಿಯ ಎಲೆಯೇ ಬಂಗಾರ. ಒಬ್ಬರ ಮನೆಗೊಬ್ಬರು ಹೋಗಿ ಅದನ್ನು ಕೈಗಿಟ್ಟು ಅಪ್ಪಿಕೊಳ್ಳುತ್ತೇವೆ. ಬನ್ನಿ ಕೊಡಲು ಬಾರದವನು ಮುನಿಸಿಕೊಂಡಿದ್ದಾನೆ ಎಂದೇ ಅರ್ಥ. ಕಾಲೇಜಿನ ದಿನಗಳಿಂದ ಗೆಳೆಯ ಆ ಸಂಜೆ ರೈಲು ಹಿಡಿದು ಮಾಳಮಡ್ಡಿಗೆ ಬರುವುದು ತಪ್ಪುತ್ತಿರಲಿಲ್ಲ. ನಾನು ಬರುವುದು ಅವನಿಗೆ ಗೊತ್ತಿತ್ತು, "ಛಲೋ ಆತು, ಬಾ" ಎಂದು ಬರೆದೂ ಇದ್ದ. ಹಬ್ಬದ ದಿನ ದೀಪ ಹಚ್ಚುವ ಹೊತ್ತು ಮೀರಿದರೂ ಅವನ ಸುಳಿವಿಲ್ಲ. ದುಡ್ಡಿನ ಸೊಕ್ಕು ಬಂದಿರಬೇಕು, ನಾಲ್ಕು ಮಾತು ಆಡಿಯೇ ಬರುತ್ತೇನೆ ಎಂದುಕೊಂಡು, ಮರುದಿನ ಬೆಳಿಗ್ಗೆ ಅಂಗವಸ್ತ್ರದಲ್ಲಿ ಬನ್ನಿ ಕಟ್ಟಿಕೊಂಡು ಹುಬ್ಬಳ್ಳಿಗೆ ಹೊರಟೆ.

ಅವನ ಮನೆಯ ಹೊಸ್ತಿಲಲ್ಲೇ ನಿಂತು ಕೂಗಿದೆ: "ಏನಲೇ ಸಾವಕಾರ, ಬನ್ನಿ ಕೊಡಾಕ ಕಾಲು ನೋಯ್ತಾವೇನು? ವೈನೀ, ಎಲ್ಲದೀರಿ? ನಿಮ್ಮ ಗಂಡಗ ಬುದ್ಧಿ ಹೇಳೂದು ಬಿಟ್ರೇನು? ಲಗೂ ಬರ್ರಿ, ಮೊದಲ ನೀವ ಬಂಗಾರ ತೊಗೊಳ್ರಿ!"

ಒಳಗಿನಿಂದ ಯಾರೂ ಬರಲಿಲ್ಲ. ಪಡಸಾಲೆಯಲ್ಲಿ ಗೆಳೆಯ ಕಂಬಳಿಯ ಮೇಲೆ ಕೂತಿದ್ದ, ಗಡ್ಡ ಬೆಳೆದಿತ್ತು. ಅವನ ಪಕ್ಕದಲ್ಲಿ ನೆರೆಮನೆಯ ಮುಸಲ್ಮಾನ ಹಿರಿಯರು. ಗಡಿಯಾರ ರಿಪೇರಿ ಮಾಡುವವರು, ಓಣಿಗೆಲ್ಲ ಚಾಚಾ. ಮೊದಲು ಮಾತಾಡಿದವರು ಅವರೇ.

"ಕುಂದರ್ರಿ ಮಾಸ್ತರ. ನಿಮ್ಮ ವೈನಿಯವರು ಯುಗಾದಿ ಮುಂದ ತೀರಿಕೊಂಡ್ರು. ಈ ವರ್ಷ ಈ ಮನ್ಯಾಗ ಹಬ್ಬ ಇಲ್ರಿ."

ನನ್ನ ನಾಲಿಗೆಗೆ ಬೆಂಕಿ ಹಾಕ! ಸತ್ತ ಮನೆಯ ಬಾಗಿಲಲ್ಲಿ ನಿಂತು, ಸತ್ತವರನ್ನೇ ಹೆಸರು ಹಿಡಿದಂತೆ ಕೂಗಿ ಕರೆದಿದ್ದೆ. ವರ್ಷ ತುಂಬದ ಮನೆಯವರು ಬನ್ನಿ ಕೊಡಲು ಎಲ್ಲಿಂದ ಬರಬೇಕು? ಅಂಗವಸ್ತ್ರದ ಗಂಟನ್ನು ಎಲ್ಲಿ ಮುಚ್ಚಿಡಲಿ ಎಂದು ತಿಳಿಯಲಿಲ್ಲ. ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. ಯುಗಾದಿಯಿಂದೀಚೆಗೆ ಅವನ ಎಷ್ಟೋ ಪತ್ರಗಳನ್ನು ಓದಿದ್ದೆ. ಯಾವುದರಲ್ಲೂ ವೈನಿಯ ಮಾತಿರಲಿಲ್ಲ. ಯಾಕಿಲ್ಲ ಎಂದು ಒಮ್ಮೆಯೂ ನನಗೆ ಅನಿಸಿರಲಿಲ್ಲ.

ಆಗಲಾದರೂ ಬಾಯಿ ಮುಚ್ಚಿಕೊಂಡಿದ್ದೆನೇ? ಇಲ್ಲ. "ಒಂದ ಸಾಲು ಬರೀಬಾರದಾಗಿತ್ತೇನಲೇ? ನಾ ಏನ್ ಪರಕೀಯನೇನು?" ಎಂದು ಅವನನ್ನೇ ಬೈದೆ.

"ನೀನ ಬ್ಯಾಡ ಅಂದಿದ್ದೆಲ್ಲೋ," ಎಂದ. ಅದರಲ್ಲಿ ಕೊಂಕಿರಲಿಲ್ಲ. ನಾನು ಹೇಳಿದ್ದನ್ನು ನನಗೇ ನೆನಪು ಮಾಡಿಕೊಟ್ಟನಷ್ಟೆ. ಬೈದಿದ್ದರೆ, ಎದ್ದು ಹೋಗು ಎಂದಿದ್ದರೆ, ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಅವನೇ ಎದ್ದು ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು ಕೊಟ್ಟ.

ನೀರು ಕುಡಿದು, "ಏನಾಗಿತ್ತೋ? ಈಗರ ಹೇಳು. ಎಲ್ಲಾ ಹೇಳು, ಕೇಳ್ತೇನಿ," ಎಂದೆ.

ಅವನು ಚಾಚಾನ ಕಡೆ ನೋಡಿದ. "ಎಲ್ಲಾ ಇವರ ಮುಂದ ಹೇಳಿ ಮುಗಿಸೇನಪ್ಪಾ. ದಿನಾ ಸಂಜಿಗೆ ಬಂದು ಕುಂದರ್ತಿದ್ರು, ಹೇಳಿದ್ನಿ. ಮತ್ತೊಮ್ಮೆ ಹೇಳಾಕ ನನ್ನ ಕಡಿಂದ ಆಗೂದಿಲ್ಲ."

ವೈನಿಗೆ ಏನಾಗಿತ್ತು, ಎಷ್ಟು ದಿನ ನರಳಿದರು, ಕಡೆಗೆ ಏನಾದರೂ ಅಂದರೇ, ನನಗೆ ಇವತ್ತಿಗೂ ಗೊತ್ತಿಲ್ಲ. ಚಾಚಾನನ್ನು ಕೇಳಬಹುದಿತ್ತು. ಅವರು ಅಂದು ಬಾಗಿಲವರೆಗೆ ಬಂದು ನನ್ನನ್ನು ಬೀಳ್ಕೊಟ್ಟರು ಕೂಡ. ನನ್ನ ಗೆಳೆಯನ ದುಃಖವನ್ನು ಇನ್ನೊಬ್ಬರ ಬಾಯಿಂದ ಕೇಳಲು ನಾಚಿಕೆಯಾಯಿತು, ಕೇಳಲಿಲ್ಲ.