ಗಂಗವ್ವತ್ತೆಯ ಕೈ

ಅಗಸೆ ಎಣ್ಣೆಯ ವಾಸನೆ ಬಡಿದರೆ ಬೇರೆಯವರಿಗೆ ಚಟ್ನಿ ನೆನಪಾಗುತ್ತದೆ. ನನಗೆ ಕಾಗವಾಡದ ನಮ್ಮ ಪಡಸಾಲೆ, ಎಂಬತ್ತರ ದಶಕದ ಕೊನೆಯ ಆ ಬೇಸಿಗೆ. ಮಿರಜಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಡ್ರಾಯಿಂಗ್ ಮಾಸ್ತರರು ನನಗೆ ಅಗಸೆ ಎಣ್ಣೆಯಲ್ಲಿ ಬಣ್ಣ ಕಲಸಿ ತೈಲಚಿತ್ರ ತೆಗೆಯುವುದನ್ನು ಕಲಿಸುತ್ತಿದ್ದರು. ಕಲಿಸುವುದೆಂದರೆ ಪುರಾತನ ವಿಲಾಯತಿ ಚಿತ್ರವೊಂದರ ಅಚ್ಚನ್ನು ಗೋಡೆಗೆ ಚುಚ್ಚಿ, ಹೀಗೇ ತೆಗೆ ಎನ್ನುವುದು. ಅದರಲ್ಲಿ ಮೇಜು, ತಾಮ್ರದ ಕೊಡ, ರಾಶಿ ಹಣ್ಣು. ಹಿಂದೆ ದ್ರಾಕ್ಷಿ ಗೊಂಚಲು ಹಿಡಿದ ಬಿಳಿ ಹೆಂಗಸು. ಆ ಕಾಗದದ ಮುಂದೆ ಮಾಸ್ತರರು ಚಪ್ಪಲಿ ಬಿಟ್ಟೇ ನಿಲ್ಲುತ್ತಿದ್ದರು. ದೇವರ ಕೋಣೆಯ ಮುಂದೆ ಬಿಡುತ್ತಿರಲಿಲ್ಲ.

ನಾನು ನೋಡಿ ತೆಗೆಯಲೆಂದು ಆ ಹೆಂಗಸಿನ ಜಾಗಕ್ಕೆ ಗಂಗವ್ವತ್ತೆ ಗೊಂಚಲು ಹಿಡಿದು ಕೂತಳು. ಅಪ್ಪನ ಅಕ್ಕ, ಸಣ್ಣ ವಯಸ್ಸಿನಲ್ಲೇ ಗಂಡ ತೀರಿಹೋಗಿ ತವರಿಗೆ ಬಂದು ದ್ರಾಕ್ಷಿ ತೋಟ ಬೆಳೆಸಿದವಳು. ಮನೆಗೆ ಫೋಟೋದವನು ಬಂದಾಗಲೆಲ್ಲ ಯಾಕೋ ಆಕೆಗೆ ಚಹಾ ಮಾಡುವ ಕೆಲಸ ಬರುತ್ತಿತ್ತು. ಹಾಗಾಗಿ ಒಂದು ಫೋಟೋದಲ್ಲೂ ಆಕೆ ಇರಲಿಲ್ಲ. "ನನ್ನ ಮಾರಿ ಬರತೈತಲ್ಲಬೇ?" ಎಂದು ಮೊದಲ ದಿನವೇ ತನ್ನ ಮುಖ ಮುಟ್ಟಿಕೊಂಡು ಕೇಳಿದಳು. "ನಿಂದ ಬರತೈತಿ ಅತ್ತಿ" ಎಂದು ಮಾತು ಕೊಟ್ಟೆ. ಮಾಸ್ತರರು ಹೊಳಪು ಬರಲೆಂದು ಕರವಸ್ತ್ರದಿಂದ ದ್ರಾಕ್ಷಿ ತಿಕ್ಕಲು ಹೋದರು.

"ಏ ಮಾಸ್ತರ, ಹಣ್ಣಿನ ಮ್ಯಾಲಿನ ಬಿಳಿ ಪುಡಿ ಒರಸಬ್ಯಾಡ್ರಿ! ಮೈ ಮುಟ್ಟಬಾರದು, ದೇಟು ಹಿಡೀಬೇಕು" ಎಂದು ಅತ್ತೆ ಗೊಂಚಲಿನ ತೊಟ್ಟು ಹಿಡಿದು ತೋರಿಸಿದಳು.

"ಬಾಯಿ, ಇದು ಕಲಾ ಐತಿ. ನಿಮ್ಮ ತ್ವಾಟ ಅಲ್ಲ."

"ಹಣ್ಣರ ನಮ್ಮ ತ್ವಾಟದ್ದ ಐತಲ್ರೀ."

ಮೂರು ವಾರ ಆಕೆ ಅಲುಗದೆ ಕೂತಳು. ಕಪ್ಪು ಮುಖ, ಗದ್ದದ ಹಚ್ಚೆ, ಬಿಸಿಲಿಗೆ ಕಿರಿದಾದ ಕಣ್ಣು ನನ್ನ ಕ್ಯಾನ್ವಾಸಿನ ಮೇಲೆ ಹೇಗೋ ಬಂದವು. ಮಾಸ್ತರರು ನೋಡಿ, "ತಂಗಿ, ಮೂಲದಾಗ ಹೆಂಗಸು ಬೆಳ್ಳಗ ಅದಾಳ" ಎಂದು ಚಾಕುವಿನಿಂದ ಮುಖವನ್ನು ಕೆರೆದು, ಅಚ್ಚಿನಲ್ಲಿದ್ದ ಮುಖವನ್ನೇ ತಿದ್ದಿ ಕೂರಿಸಿದರು. ಬಿಳಿ ಬಣ್ಣದ ಟ್ಯೂಬು ಹಿಂಡಿಕೊಟ್ಟವಳು ನಾನೇ. ಅಂಥ ವಿಧೇಯ ಶಿಷ್ಯೆ ಅವರಿಗೆ ಮತ್ತೊಬ್ಬಳು ಸಿಕ್ಕಿರಲಾರಳು. ದ್ರಾಕ್ಷಿಗಳು ಗೋಲಿಗುಂಡುಗಳಂತೆ ಮಿಂಚಿದವು. ಮನೆಮಂದಿಯೆಲ್ಲ ಭಾರಿ ಐತಿ ಎಂದರು. ನಮ್ಮ ಮನೆಯಲ್ಲಿ ಹೊಸ ಟ್ರ್ಯಾಕ್ಟರನ್ನೂ ಹಾಗೇ ಹೊಗಳುತ್ತಿದ್ದರು. ಅತ್ತೆ ಬಹಳ ಹೊತ್ತು ನೋಡಿದಳು. "ಛಂದ ಅದಾಳ. ಯಾರಬೇ ಈಕಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಚಹಾಕ್ಕೆ ಇಡಲು ಒಳಗೆ ಹೋದಳು.

ಈಗ ಆ ತೋಟದಲ್ಲಿ ಕಬ್ಬಿದೆ, ಪಡಸಾಲೆಯ ನಡುವೆ ಪಾಲಿನ ಗೋಡೆ. ಅತ್ತೆ ಹೋದಾಗ ಹಾರ ಹಾಕಲು ಒಂದು ಫೋಟೋ ಸಿಗಲಿಲ್ಲ. ಕ್ಯಾನ್ವಾಸು ನನ್ನ ಹತ್ತಿರವಿದೆ. ಬಿಳಿ ಹೆಂಗಸಿನ ಮೂಗು ಬಿರುಕು ಬಿಟ್ಟಿದೆ. ಆದರೆ ಕೈಯ ತನಕ ತಿದ್ದುವಷ್ಟು ಶ್ರದ್ಧೆ ಮಾಸ್ತರರಿಗಿರಲಿಲ್ಲ. ಮಣಿಕಟ್ಟಿನ ಕೆಳಗೆ ಆ ಕಪ್ಪು ಬೆರಳುಗಳು ಇನ್ನೂ ಹಣ್ಣಿನ ಮೈ ಮುಟ್ಟದೆ ದೇಟು ಹಿಡಿದಿವೆ. ಬಂದವರು ಮುಖವನ್ನೇ ಹೊಗಳುತ್ತಾರೆ. ಆಗ ನಾನು ಚಹಾ ಮಾಡಲು ಏಳುತ್ತೇನೆ.