ದೋಣಿಯ ಬುಡಭಾರ

ಕಾರ್ತಿಕ ಮಾಸದ ಎರಡನೆಯ ಭಾನುವಾರ, ಬೆಳಗ್ಗೆ ಆರೂವರೆ. ನಮ್ಮೂರ ಕೆರೆಯ ತೂಬಿನ ಪಕ್ಕದ ಮೆಟ್ಟಿಲು. ಹಾಜರಿದ್ದವರು: ಮಹಿಳಾ ಸಂಘದ ಅಧ್ಯಕ್ಷೆ, ನರಸಾಪುರದ ಕಾರ್ಖಾನೆಗೆ ಹೋಗುವ ಸದಸ್ಯೆಯೊಬ್ಬಳು, ನನ್ನ ತಮ್ಮನ ಸೊಸೆ ಮತ್ತು ನಾನು. ಮೂವರು ಹೊತ್ತಿಗೆ ಸರಿಯಾಗಿ ಬಂದಿದ್ದೆವು. ಅಧ್ಯಕ್ಷೆ ಡೇರಿಗೆ ಹಾಲು ಹಾಕಿ ಬರಬೇಕಾಗಿದ್ದರಿಂದ ಸ್ವಲ್ಪ ತಡವಾಯಿತು. ಅದನ್ನು ನಾನು ಆಕ್ಷೇಪಿಸಲಿಲ್ಲ. ಹಾಲು ಕಾಯುವುದಿಲ್ಲ.

ಈ ಕೆರೆ ನಾನು ಸೇನೆಯಿಂದ ನಿವೃತ್ತನಾಗಿ ಬಂದಾಗ ಒಣಗಿತ್ತು. ಜಾಲಿ ಬೆಳೆದಿತ್ತು, ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೆರೆಯಿಂದ ಕೆರೆಗೆ ಹರಿಸಲು ತೊಡಗಿದ ಮೇಲೆ ಇದೂ ತುಂಬಿತು. ಸಂಘದವರು ಮೀನು ಸಾಕಲು ತೀರ್ಮಾನಿಸಿದರು. ಕೆರೆಯ ನಡುವೆ ಹಿಂಡಿ, ತೌಡು ಚೆಲ್ಲಲು ಒಂದು ಫೈಬರ್ ದೋಣಿ ಬಂತು, ಹಿಂದೆ ಸಣ್ಣ ಪೆಟ್ರೋಲ್ ಎಂಜಿನ್. ದೋಣಿ ಬಂತೇ ಹೊರತು ದೋಣಿ ಗೊತ್ತಿದ್ದವರು ಊರಿನಲ್ಲಿ ಇರಲಿಲ್ಲ. ಇಂಜಿನಿಯರ್ ದಳದಲ್ಲಿ ದೋಣಿ ಹವಾಲ್ದಾರನಾಗಿದ್ದ ನನ್ನನ್ನು ಹಾಗಾಗಿ ಕರೆದರು.

ಮರುದಿನ ಬೆಳಗ್ಗೆ ಮೀನುಗಾರಿಕೆಯ ಅಧಿಕಾರಿಗಳು ಬಂದು ದೋಣಿ ನಡೆಸುವುದನ್ನು ನೋಡುವವರಿದ್ದರು. ದೋಣಿ ನಡೆಸಲು ಇಬ್ಬರು ಬೇಕು. ಒಬ್ಬಳು ಅಧ್ಯಕ್ಷೆ, ಅದರಲ್ಲಿ ಚರ್ಚೆ ಇರಲಿಲ್ಲ. ಇನ್ನೊಬ್ಬಳು ನನ್ನ ತಮ್ಮನ ಸೊಸೆಯೆಂದು ಮೊದಲಿನಿಂದ ಮಾತಾಗಿತ್ತು. ತೋಟದ ಡೀಸೆಲ್ ಪಂಪನ್ನು ವರ್ಷಗಳಿಂದ ಅವಳೇ ನೋಡಿಕೊಳ್ಳುತ್ತಾಳೆ. ಈ ಎಂಜಿನ್ನಿನ ಮುಚ್ಚಳ ಬಿಚ್ಚಿ ನೋಡಿದವಳೂ ಅವಳೊಬ್ಬಳೇ. ಆದರೆ ಅವಳು ದಪ್ಪ. ಸಾಕಷ್ಟು ದಪ್ಪ. ಮದುವೆಯಾಗಿ ಬಂದಾಗಿನಿಂದ ಆಟೋ ಆಗಲಿ, ಟ್ರ್ಯಾಕ್ಟರ್ ಆಗಲಿ, ಎಲ್ಲರೂ ಕೂತ ಮೇಲೆ ಕೊನೆಗೆ ಅವಳನ್ನು ಹತ್ತಿಸುವುದು ರೂಢಿಯಾಗಿತ್ತು. ಅವಳೂ ನಕ್ಕು ಕೊನೆಗೇ ಹತ್ತುತ್ತಿದ್ದಳು. ಸಂಘದ ಸಭೆಯಲ್ಲಿ ತಾನಾಗಿ ಕೈ ಎತ್ತಿ 'ಇದು ನಾನು ಮಾಡ್ತೀನಿ' ಎಂದದ್ದು ಈ ದೋಣಿಯ ವಿಷಯದಲ್ಲೇ ಮೊದಲು ಎಂದು ನನ್ನ ತಮ್ಮ ಹೇಳಿದ್ದ.

ಹಿಂದಿನ ವಾರ ನಾನು ಊರಲ್ಲಿ ಇಲ್ಲದಾಗ ಅವರು ತಾವೇ ಪ್ರಯತ್ನ ಮಾಡಿದ್ದರು. ಅಧ್ಯಕ್ಷೆ ದೋಣಿಯೊಳಗೆ ನಿಂತಿದ್ದಳು. ನಮ್ಮ ಸೊಸೆ ಬಸ್ಸಿನ ಫುಟ್‌ಬೋರ್ಡಿಗೆ ಕಾಲಿಡುವ ಹಾಗೆ ದೋಣಿಯ ಅಂಚಿನ ಮೇಲೆ ಕಾಲಿಟ್ಟಳು. ದೋಣಿ ವಾಲಿತು, ಅಧ್ಯಕ್ಷೆ ಸೊಂಟದವರೆಗೆ ನೀರಿಗಿಳಿದಳು, ಅವಳ ಫೋನು ಪೂರ್ತಿ ಇಳಿಯಿತು. ಅಂದಿನಿಂದ ಊರಿನಲ್ಲಿ ಒಂದು ಮಾತು ಹುಟ್ಟಿತು. ಅದನ್ನು ಅಧ್ಯಕ್ಷೆ ಆ ಬೆಳಗ್ಗೆ ನನ್ನೆದುರೂ ಹೇಳಿದಳು.

"ಇವಳು ಹತ್ತಿದ್ರೆ ಕೆರೆ ಕೋಡಿ ಹೋಗುತ್ತೆ ಅಣ್ಣಾ. ಬೇಡ. ಇವಳ ಬದ್ಲು ಈ ಹುಡುಗಿ ಬರ್ಲಿ, ಹಂಚಿಕಡ್ಡಿ ಹಂಗಿದಾಳೆ."

ಕಾರ್ಖಾನೆಯ ಹೆಣ್ಣುಮಗಳು ತಕ್ಷಣ ಹೇಳಿದಳು, "ಅಕ್ಕಾ, ನನಗೆ ಶಿಫ್ಟು. ನಾಳೆ ಒಂದಿನ ರಜ ಹಾಕ್ತೀನಿ, ಆಮೇಲೆ ಭಾನುವಾರ ಮಾತ್ರ ಸಿಗ್ತೀನಿ. ಮೀನು ಭಾನುವಾರ ಮಾತ್ರ ಊಟ ಮಾಡ್ತವಾ?"

"ನೀನು ಸುಮ್ನಿರೇ. ನಾಳೆ ಮೊದ್ಲು ದಾಟ್ಲಿ."

ನಮ್ಮ ಸೊಸೆ ಮೇಲಿನ ಮೆಟ್ಟಿಲಿನಲ್ಲಿ, ನೀರಿಗೆ ಬೆನ್ನು ಮಾಡಿ ಕೂತಳು.

ಅಧ್ಯಕ್ಷೆ ಕೆಟ್ಟವಳಲ್ಲ. ಅವಳಿಗೆ ಈಜು ಬಾರದು, ಏನಾದರೂ ಆದರೆ ಮಾತು ಬರುವುದು ಅವಳ ಮೇಲೆ. ನಾನು ವಾದ ಮಾಡಲಿಲ್ಲ. ಮೊದಲು ಅವಳು ಹೇಳಿದ ಹಾಗೆಯೇ ಒಂದು ಸುತ್ತು ಹೋಗೋಣ, ನಾನೂ ಬರುತ್ತೇನೆ ಎಂದೆ.

ಮೇವಿನ ಮೂಟೆಗಳು ನೆನೆಯಬಾರದೆಂದು ಅವರು ಅವನ್ನು ಅಡ್ಡಹಲಗೆಗಳ ಮೇಲೆ ಒಟ್ಟಿದ್ದರು. ಸೀರೆ ಒದ್ದೆಯಾಗಬಾರದೆಂದು ತಾವೂ ಹಲಗೆಯ ಮೇಲೆಯೇ ಕೂತರು. ಕಾರ್ಖಾನೆಯವಳು ಎಂಜಿನ್ನಿನ ಹಗ್ಗ ಎಳೆದಳು, ಶುರುವಾಗಲಿಲ್ಲ. ಮತ್ತೆ ಎಳೆದಳು.

ಮೆಟ್ಟಿಲಿನಿಂದ, ತಿರುಗದೆಯೇ, ನಮ್ಮ ಸೊಸೆ ಹೇಳಿದಳು, "ಚೋಕ್ ಎಳಿ."

ಎಂಜಿನ್ ಶುರುವಾಯಿತು. ಕೆರೆಯ ನಡುವಿನವರೆಗೆ ಹೋಗಿ ಬಂದೆವು. ಮಂಜು ಇನ್ನೂ ಕರಗಿರಲಿಲ್ಲ, ಗಾಳಿ ಇರಲಿಲ್ಲ. ದೋಣಿ ಈ ಕಡೆಗೊಮ್ಮೆ ಆ ಕಡೆಗೊಮ್ಮೆ ನಿಧಾನವಾಗಿ ತೂಗಿತು. ಅಧ್ಯಕ್ಷೆಗೆ ಖುಷಿಯಾಯಿತು. ಅವಳು ಶ್ರೀನಿವಾಸಪುರದ ಕಡೆಯವಳು, ಮನೆಮಾತು ತೆಲುಗು. ಖುಷಿಯಾದರೆ ತೆಲುಗು ಬರುತ್ತದೆ.

"ಪರವಾಲೇದಣ್ಣಾ. ತೊಟ್ಟಿಲು ತೂಗ್ದಂಗೆ ಹೋಯ್ತು ನೋಡಿ."

ನನಗೆ ಆ ತೊಟ್ಟಿಲೇ ಹಿಡಿಸಲಿಲ್ಲ. ಸೇನೆಯಲ್ಲಿದ್ದಾಗ ಪ್ರವಾಹ ಪರಿಹಾರದ ಕೆಲಸದಲ್ಲಿ ನಮಗೆ ಕಲಿಸಿದ ಪಾಠ ಇದು: ದೋಣಿ ಎಷ್ಟು ಅಲುಗುತ್ತದೆ ಎನ್ನುವುದಕ್ಕಿಂತ, ಅಲುಗಿದ ಮೇಲೆ ಹೇಗೆ ಏಳುತ್ತದೆ ಎಂದು ನೋಡು. ವಾಲಿದ ದೋಣಿ ಝಟ್ಟನೆ ನೆಟ್ಟಗಾದರೆ, ಕೂತವರಿಗೆ ಹಿತವಿಲ್ಲದಿದ್ದರೂ, ಅದು ಒಳ್ಳೆಯ ದೋಣಿ. ವಾಲಿ, ಅಲ್ಲೇ ಸ್ವಲ್ಪ ನಿಂತು, ಏಳಲೋ ಬೇಡವೋ ಎಂದು ಯೋಚಿಸಿ ಏಳುವ ದೋಣಿಯನ್ನು ನಂಬಬಾರದು. ಅದರ ಭಾರವೆಲ್ಲ ಮೇಲಿದೆ ಎಂದರ್ಥ. ಇನ್ನೊಂದಿಷ್ಟು ವಾಲಿದರೆ ಯೋಚನೆಯನ್ನೂ ಬಿಡುತ್ತದೆ.

ನನ್ನ ತಂದೆಗೆ ಎತ್ತಿನ ಗಾಡಿ ಇತ್ತು. ಮಾಲೂರಿನ ಸಂತೆಗೆ ಮೂಟೆ ಹೇರುವಾಗ ಅವರು ಮೂಕಿಯನ್ನು, ಅಂದರೆ ನೊಗ ಕಟ್ಟುವ ಮುಂದಿನ ಮರವನ್ನು, ಹಿಡಿದು ಎತ್ತಿ ನೋಡುತ್ತಿದ್ದರು. ಮುಂಭಾರವಾದರೆ ಎತ್ತುಗಳ ಹೆಗಲು ಹುಣ್ಣಾಗುತ್ತದೆ, ಹಿಂಭಾರವಾದರೆ ನೊಗ ಮೇಲೆದ್ದು ಕೊರಳು ಬಿಗಿಯುತ್ತದೆ. ಗಾಡಿಗೆ ಇವೆರಡೇ ಲೆಕ್ಕ, ಏಕೆಂದರೆ ಎರಡು ಪಕ್ಕದಲ್ಲೂ ಚಕ್ರಗಳಿವೆ. ನಮ್ಮ ಸೀಮೆಯ ಜನ ಯಾವುದನ್ನು ಹೇರಿದರೂ ಗಾಡಿಯ ಕಣ್ಣಿನಿಂದಲೇ ನೋಡುತ್ತಾರೆ. ದೋಣಿಗೆ ಪಕ್ಕದಲ್ಲಿ ಚಕ್ರವಿಲ್ಲ. ಅದಕ್ಕೆ ಮೂರನೆಯದೊಂದು ಬೇಕು: ಭಾರ ತಳದಲ್ಲಿರುವುದು. ಅದಕ್ಕೆ ಇಲ್ಲಿಯವರಲ್ಲಿ ಮಾತಿಲ್ಲದಿದ್ದರಿಂದ ನಾನು ಬುಡಭಾರ ಎಂದೆ.

ದಡಕ್ಕೆ ಬಂದ ಮೇಲೆ ನಮ್ಮ ಸೊಸೆಯನ್ನು ಕರೆದೆ.

"ಬಾಮ್ಮ. ನಿನ್ನ ಸರದಿ."

"ಬೇಡ ದೊಡ್ಡಮಾವ. ಎಂಜಿನ್ ಕೆಟ್ಟರೆ ಹೇಳಿ, ದಡದಲ್ಲಿ ಸರಿ ಮಾಡ್ಕೊಡ್ತೀನಿ."

"ಕೆಟ್ಟರೆ ಅದು ಕೆರೆ ಮಧ್ಯದಲ್ಲೇ ಕೆಡುತ್ತೆ. ದಡಕ್ಕೆ ಬಂದು ಕೆಡೋ ಎಂಜಿನ್ ನಾನು ನೋಡಿಲ್ಲ. ಜಾಕೆಟ್ ಹಾಕ್ಕೊ."

"ಅದು ನಂಗೆ ಹಿಡಿಯಲ್ಲ."

ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಇಲ್ಲದೆ ಯಾರೂ ದೋಣಿ ಹತ್ತಬಾರದೆಂದು ನಾನೇ ನಿಯಮ ಮಾಡಿದ್ದೆ. ಅವಳು ತೊಟ್ಟು ತೋರಿಸಿದಳು. ಎದೆಯ ಮುಂದೆ ಬಕಲ್ಲಿನ ಎರಡು ತುದಿಗಳ ನಡುವೆ ಒಂದು ಗೇಣು ಅಂತರ ಉಳಿಯಿತು. ಅಧ್ಯಕ್ಷೆ ಬೇರೆ ಕಡೆ ನೋಡಿದಳು. ಹಿಂದಿನ ವಾರ ಇದನ್ನು ನೋಡಿ ಎಲ್ಲರೂ ನಕ್ಕಿದ್ದರಂತೆ.

ನಾನು ಜಾಕೆಟ್ ಬಿಚ್ಚಿಸಿ ತಿರುಗಿಸಿದೆ. ಬೆನ್ನಿನ ಕಡೆ ಪಟ್ಟಿಯನ್ನು ಸುರುಳಿ ಸುತ್ತಿ, ಬಟ್ಟೆಯ ಕುಣಿಕೆಯೊಳಗೆ ತುರುಕಿದ್ದರು. ಹೊಸ ಮಾಲಿನಲ್ಲಿ ಹಾಗೆಯೇ ಬರುತ್ತದೆ. ಯಾರೂ ಬಿಚ್ಚಿರಲಿಲ್ಲ. ಎರಡೂ ಕಡೆ ಬಿಚ್ಚಿ ಎಳೆದೆ, ಪಟ್ಟಿ ಉದ್ದವಾಯಿತು. ಒಳಗಿನ ಚೀಟಿಯಲ್ಲಿ ಅದು ಎಷ್ಟು ತೂಕದವರನ್ನು ತೇಲಿಸುತ್ತದೆ ಎಂದು ಓದಿದೆ. ಅವಳ ತೂಕ ಅದರೊಳಗೇ ಇತ್ತು. ಮತ್ತೆ ತೊಡಿಸಿದೆ. ಬಕಲ್ಲು ಟಕ್ಕೆಂದು ಕೂತಿತು.

"ಹಿಡೀತಲ್ಲ" ಎಂದಳು, ನನಗಲ್ಲ, ಬಕಲ್ಲಿಗೆ ಹೇಳುವಂತೆ.

ಆಮೇಲೆ ದೋಣಿಯನ್ನು ಖಾಲಿ ಮಾಡಿ ಮೊದಲಿನಿಂದ ಹೇರಿದೆವು. ತಳದಲ್ಲಿ ನಿಂತಿದ್ದ ನೀರನ್ನು ಡಬ್ಬದಿಂದ ಪೂರ್ತಿ ಎತ್ತಿ ಚೆಲ್ಲಿಸಿದೆ. ಆ ನೀರು ಸ್ವಲ್ಪವೇ ಇದ್ದರೂ, ದೋಣಿ ಯಾವ ಕಡೆ ವಾಲಿದರೆ ಆ ಕಡೆಗೇ ಓಡಿ ಇನ್ನಷ್ಟು ವಾಲಿಸುತ್ತದೆ. ಮೂಟೆಗಳನ್ನು ಹಲಗೆಯ ಮೇಲಿಂದ ಇಳಿಸಬೇಕೆಂದಾಗ ಅಧ್ಯಕ್ಷೆ ಒಪ್ಪಲಿಲ್ಲ. ನೆನೆಯುತ್ತದೆ ಎಂದಳು. ಆಗ ನಮ್ಮ ಸೊಸೆ ಬಾಯಿ ಬಿಟ್ಟಳು. ಅವಳ ತವರು ಶಿವಾರಪಟ್ಟಣ, ತಂದೆ ಕಲ್ಲಿನ ವಿಗ್ರಹ ಕೆತ್ತುವವರು.

"ಅಕ್ಕಾ, ನಮ್ಮಪ್ಪ ದೇವರನ್ನೇ ಹುಲ್ಲು ಹಾಸಿ ಮಲಗಿಸಿ ಲಾರಿ ಹತ್ತಿಸ್ತಾರೆ. ಹಿಂಡಿ ಮೂಟೆ ಏನು ದೇವರಿಗಿಂತ ದೊಡ್ಡದಾ? ಕೆಳಗೆ ಟಾರ್ಪಾಲ್ ಹಾಕಿ ಮಲಗಿಸೋಣ."

ಟಾರ್ಪಾಲು ಹಾಸಿ ಮಲಗಿಸಿದೆವು, ದೋಣಿಯ ಮೂತಿಯ ಕಡೆಗೆ, ನಡುವಿನ ಗೆರೆಯ ಉದ್ದಕ್ಕೆ. ಪೆಟ್ರೋಲಿನ ಡಬ್ಬವನ್ನು ಹಿಂದಿನಿಂದ ಮಧ್ಯಕ್ಕೆ ಸರಿಸಿದೆ. ಇನ್ನು ಅವಳು. ದೋಣಿ ತಿರುಗಿಸುವ ಎಂಜಿನ್ನಿನ ಹಿಡಿ ಹಿಡಿಯುವವರು ಹಿಂದೆ ಒಂದು ಪಕ್ಕದಲ್ಲಿ ಕೂರುವುದು ರೂಢಿ. ಅವಳು ಹಾಗೆ ಕೂತರೆ ಹಿಂಭಾರವೂ ಆಗುತ್ತದೆ, ಪಕ್ಕಕ್ಕೆ ವಾಲುವುದೂ ಆಗುತ್ತದೆ. ಅದಕ್ಕಾಗಿ ಮನೆಯಿಂದ ತೋಳುದ್ದದ ಪಿವಿಸಿ ಪೈಪಿನ ತುಂಡೊಂದನ್ನು ತಂದಿದ್ದೆ. ಅದನ್ನು ಹಿಡಿಯ ಮೇಲೆ ತೂರಿಸಿ ಕ್ಲಿಪ್ಪಿನಿಂದ ಬಿಗಿದಾಗ ಹಿಡಿ ದೋಣಿಯ ನಡುವಿನವರೆಗೆ ಬಂತು. ಅಲ್ಲಿ ತಳದಲ್ಲಿ ಗೋಣಿಚೀಲ ಮಡಿಸಿ ಹಾಕಿದೆ.

"ಅಂಚು ತುಳಿಯಬೇಡ. ಕಾಲು ನಡುಮಧ್ಯಕ್ಕೆ. ಬಗ್ಗಿ ಎರಡೂ ಕೈಯಲ್ಲಿ ಅಂಚು ಹಿಡಿ. ಕೂತುಬಿಡು."

ಅವಳು ಹಾಗೆಯೇ ಮಾಡಿದಳು. ದೋಣಿ ಒಂದಿಷ್ಟು ತಗ್ಗಿತು, ವಾಲಲಿಲ್ಲ. ನಡೆಸುವವರು ನೀರಿಗೆ ಬಿದ್ದರೆ ತಾನಾಗಿ ಎಂಜಿನ್ ನಿಲ್ಲಿಸುವ ಕೆಂಪು ಹಗ್ಗವನ್ನು ಅವಳ ಮಣಿಕಟ್ಟಿಗೆ ಸಿಕ್ಕಿಸಿದೆ. ಕಾರ್ಖಾನೆಯವಳು ದಡದಲ್ಲಿ ಉಳಿದಳು. ಅಧ್ಯಕ್ಷೆ ಮುಂದಿನ ಹಲಗೆಯ ಮೇಲೆ ಕೂತಳು. ಕೆಳಗೆ ಕೂರು ಎಂದರೂ ಕೇಳಲಿಲ್ಲ. ನಾನೂ ಹತ್ತಿ ಕೂತು, ಹೊರಡುವ ಮುನ್ನ ಅಂಚನ್ನು ಒತ್ತಿ ಬಿಟ್ಟೆ. ದೋಣಿ ಝಟ್ಟನೆ ಎದ್ದಿತು.

"ಅಯ್ಯೋ, ಇದೇನಣ್ಣಾ, ಒದ್ದಂಗೆ ಏಳುತ್ತಲ್ಲ. ಆಗಲೇ ಎಷ್ಟು ಚೆನ್ನಾಗಿ ತೂಗ್ತಿತ್ತು."

"ಬೆಳಗ್ಗೆ ಎಬ್ಬಿಸಿದರೆ ಹೀಗೇ ಏಳಬೇಕು. ಇನ್ನೈದು ನಿಮಿಷ ಅಂತ ಹೊರಳೋದು ಒಳ್ಳೆ ಲಕ್ಷಣ ಅಲ್ಲ."

"ನಿಮ್ಮನೇಲಿ ಅತ್ತಿಗೆ ಹೆಂಗೆ ಬಾಳಿದ್ರೋ" ಎಂದು ಅಧ್ಯಕ್ಷೆ ನಕ್ಕಳು.

ನಮ್ಮ ಸೊಸೆ ಎಂಜಿನ್ನನ್ನು ಮೊದಲ ಎಳೆತಕ್ಕೇ ಶುರುಮಾಡಿದಳು. ಅವಳ ಕೈ ಹದವಾಗಿತ್ತು. ಪಂಪಿನ ಸದ್ದು ಕೇಳಿ ಕೇಳಿ ಪಳಗಿದ ಕಿವಿ, ವೇಗವನ್ನು ಎಳೆದು ಹೆಚ್ಚಿಸದೆ ಸ್ವಲ್ಪ ಸ್ವಲ್ಪವೇ ಕೊಡುತ್ತಿದ್ದಳು. ಕೆರೆಯ ನಡುವೆ ಒಂದು ಮೂಟೆ ಮೇವು ಚೆಲ್ಲಿದೆವು. ಆ ಹೊತ್ತಿಗೆ ಮಂಜು ಹೋಗಿ ಗಾಳಿ ಎದ್ದಿತ್ತು. ಅಲೆಯನ್ನು ಪಕ್ಕಕ್ಕೆ ತೆಗೆದುಕೊಳ್ಳಬೇಡ, ಮೂತಿಯನ್ನು ಅದಕ್ಕೆ ಓರೆಯಾಗಿ ಕೊಡು ಎಂದು ಹೇಳಿ, ದಡದ ಕಡೆ ತಿರುಗಿಸಲು ಹೇಳಿದೆ.

ತಿರುಗುವಾಗ ನಮ್ಮ ದೋಣಿಯೇ ಎಬ್ಬಿಸಿದ ಅಲೆ ಗಾಳಿಯ ಅಲೆಯ ಜೊತೆ ಸೇರಿ ಪಕ್ಕಕ್ಕೆ ಬಡಿಯಿತು. ಅಧ್ಯಕ್ಷೆ ಹೆದರಿ ಎದ್ದು ನಿಂತಳು. ಎದ್ದವಳು, ವಾಲಿದ ದೋಣಿಯ ಮೇಲೆದ್ದ ಅಂಚಿನ ಕಡೆಗೆ ಹಾರಿದಳು. ದೋಣಿಯಲ್ಲಿ ಎಲ್ಲರೂ ಮಾಡುವ ತಪ್ಪು ಅದೇ: ಏಳುತ್ತಿರುವ ದೋಣಿಗೆ ಆ ಭಾರವೂ ಸೇರಿ, ಅದು ಇನ್ನೊಂದು ಕಡೆಗೆ ಎರಡರಷ್ಟು ವಾಲುತ್ತದೆ. ನಮ್ಮದೂ ವಾಲಿತು. ನೀರು ಅಂಚಿನ ಹತ್ತಿರ ಬಂತು.

"ಅಕ್ಕಾ, ಇದ್ದಲ್ಲೇ ಕೂತ್ಕೊ. ನಾನು ಕೆಳಗಿದೀನಿ."

ನಮ್ಮ ಸೊಸೆ ಕೂಗಲಿಲ್ಲ, ಹೇಳಿದಳು ಅಷ್ಟೆ. ಕೂತಲ್ಲಿಂದ ಅಲುಗದೆ ವೇಗ ತಗ್ಗಿಸಿ ಮೂತಿಯನ್ನು ಗಾಳಿಗೆ ಕೊಟ್ಟಳು. ಅಧ್ಯಕ್ಷೆ ಮಂಡಿ ಮಡಿಸಿ ತಳಕ್ಕೆ ಕುಸಿದಳು. ದೋಣಿ ವಾಲಿದಷ್ಟೇ ಬೇಗ ನೆಟ್ಟಗಾಯಿತು, ಇನ್ನೊಮ್ಮೆ ಅಲುಗಿ ಸುಮ್ಮನಾಯಿತು.

ದಡ ಅರ್ಧ ದೂರ ಇರುವಾಗ ನಾನು ಅಧ್ಯಕ್ಷೆಗೆ ಹೇಳಬೇಕಾದ್ದನ್ನು ಹೇಳಿದೆ. "ಮೊದಲ ಸುತ್ತಿನ ತೊಟ್ಟಿಲಲ್ಲಿ ನೀನು ಹೀಗೆ ಎದ್ದಿದ್ದರೆ ಮೂವರೂ ನೀರಲ್ಲಿ ಇರ್ತಿದ್ವಿ. ಈಗ ಉಳಿಸಿದ್ದು ತಳದಲ್ಲಿದ್ದ ಭಾರ. ಅದರಲ್ಲಿ ಮೂಟೆ ಸ್ವಲ್ಪ, ಇವಳು ಬಹಳ."

ಅಧ್ಯಕ್ಷೆಯ ಸೀರೆಯ ಅಂಚು ಒದ್ದೆಯಾಗಿತ್ತು, ಅದನ್ನು ಹಿಂಡುತ್ತ ಕೂತಿದ್ದಳು. ಮೆಟ್ಟಿಲು ಬಂತು. ಇಳಿಯುವಾಗ ಅಂಚನ್ನು ತುಳಿಯದೆ, ಬಗ್ಗಿ, ಎರಡೂ ಕೈಯಲ್ಲಿ ಅದನ್ನು ಹಿಡಿದು ಇಳಿದಳು. ನಾಲ್ಕು ಮೆಟ್ಟಿಲು ಹತ್ತಿ ನಮ್ಮ ಸೊಸೆಯ ಕಡೆ ತಿರುಗಿದಳು.

"ನಾಳೆ ಏಳಕ್ಕೆಲ್ಲಾ ಬಂದುಬಿಡೇ. ಅವರು ಬರೋಕ್ ಮುಂಚೆ ಎಂಜಿನ್ ಒರೆಸಿಟ್ಟಿರಬೇಕು. ಈ ಗೋಣಿಚೀಲ ಬೇಡ, ನಮ್ಮನೇಲಿ ಒಳ್ಳೆ ದಿಂಡು ಇದೆ, ತರ್ತೀನಿ."

"ಆಯ್ತಕ್ಕಾ. ಬರೋವಾಗ ಕೋಡಿ ನೋಡ್ಕೊಂಡು ಬರಲಾ, ಹೋಗಿದೆಯೇನೋ?"

ಕಾರ್ಖಾನೆಯವಳು ಜೋರಾಗಿ ನಕ್ಕಳು. ಅಧ್ಯಕ್ಷೆ ಒಂದು ಕ್ಷಣ ಬಿಗಿದುಕೊಂಡು, ತಾನೂ ನಕ್ಕಳು. "ನನ್ನ ಫೋನು ಸಿಕ್ಕಿದ್ರೆ ತಗೊಂಡ್ ಬಾ" ಎಂದು ಹೇಳಿ ಹೋದಳು.

ಉಳಿದ ಕೆಲಸಗಳನ್ನು ನಾನೂ ನಮ್ಮ ಸೊಸೆಯೂ ಮುಗಿಸಿದೆವು. ತಳದ ನೀರು ಎತ್ತಿ ಚೆಲ್ಲಿ, ಎಂಜಿನ್ನನ್ನು ನೀರಿನಿಂದ ಮೇಲೆತ್ತಿ ನಿಲ್ಲಿಸಿ, ದೋಣಿಯನ್ನು ತೂಬಿನ ಕಂಬಕ್ಕೆ ಮುಂದೆ ಒಂದು ಹಿಂದೆ ಒಂದು ಹಗ್ಗದಿಂದ ಕಟ್ಟಿದೆವು. ಅವಳು ಪೆಟ್ರೋಲ್ ಡಬ್ಬ ಹೊತ್ತು ಮನೆಗೆ ಹೋದಳು. ನಾನು ಜಾಕೆಟ್ಟುಗಳನ್ನು ತಂದು ಸಂಪಿನ ಬಳಿ ಒಳ್ಳೆಯ ನೀರಿನಲ್ಲಿ ತೊಳೆದು, ಹಿತ್ತಲಿನ ನೆರಳಿನಲ್ಲಿ ತಂತಿಗೆ ಹಾಕಿದೆ.

ಸಂಜೆ ಒಣಗಿದ ಮೇಲೆ ಅವುಗಳ ಪಟ್ಟಿಗಳನ್ನು ಸುತ್ತಿ, ಬಕಲ್ಲು ಹಾಕಿ, ಒಂದರ ಪಕ್ಕ ಒಂದು ಗೂಟಕ್ಕೆ ತೂಗುಹಾಕಿದೆ. ನಮ್ಮ ಸೊಸೆಯದನ್ನು ಮಾತ್ರ ಸುತ್ತಲಿಲ್ಲ. ಪಟ್ಟಿಯನ್ನು ಅವಳ ಅಳತೆಗೇ ಬಿಟ್ಟು, ಬೆಳಗ್ಗೆ ಮೊದಲು ಕೈಗೆ ಸಿಗುವಂತೆ ಬಾಗಿಲ ಹತ್ತಿರದ ಗೂಟಕ್ಕೆ ಹಾಕಿದೆ.